ಮೊದಲ ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂತು, ಕಡಿಮೆ ದುಡ್ಡಿನಲ್ಲಿ ಯಾವ ಆಂಪ್ ತಗೊಳ್ಳಲಿ?

ಹೊಸತಂತಿ
ಎಲ್ಲರಿಗೂ ನಮಸ್ಕಾರ. ಅಕೂಸ್ಟಿಕ್ ಗಿಟಾರ್‌ನಲ್ಲಿ ಕಾರ್ಡ್‌ಗಳು ಸುಮಾರಾಗಿ ಬರುತ್ತವೆ. ಈಗ ಎಲೆಕ್ಟ್ರಿಕ್ ತಗೊಂಡಿದ್ದೇನೆ, ಎರಡು ಹಂಬಕರ್ (ತಂತಿಯ ಕಂಪನ ಹಿಡಿಯುವ ಜೋಡಿ ಸುರುಳಿಯ ಪಿಕಪ್) ಇರುವ ಗಿಟಾರ್. ದುಡ್ಡೆಲ್ಲ ಹೆಚ್ಚುಕಡಿಮೆ ಅದಕ್ಕೇ ಹೋಯಿತು, ಸದ್ದು ಜೋರು ಮಾಡುವ ಆಂಪ್‌ಗೆ (ಆಂಪ್ಲಿಫೈಯರ್) ಉಳಿದಿರುವುದು ಸ್ವಲ್ಪ.

ಒಬ್ಬರು 10 ವ್ಯಾಟ್ ಸಾಕು ಅನ್ನುತ್ತಾರೆ, ಇನ್ನೊಬ್ಬರು 50ಕ್ಕಿಂತ ಕಮ್ಮಿ ತಗೊಂಡರೆ ದುಡ್ಡು ದಂಡ ಅನ್ನುತ್ತಾರೆ. ಮೂರನೆಯವರು ಆಂಪೇ ಬೇಡ, ಕಂಪ್ಯೂಟರ್ ಸಾಕು ಅನ್ನುತ್ತಾರೆ. ನಾನಿರುವ ಮನೆಯ ಗೋಡೆ ತೆಳು, ಪಕ್ಕದ ಮನೆಯಲ್ಲಿ ಚಿಕ್ಕ ಮಗು ಇದೆ. ನನಗೆ ಬಿಡುವು ಸಿಗುವುದು ರಾತ್ರಿ ಮಾತ್ರ. ನುಡಿಸಲು ಆಸೆ ಇರುವುದು ಬ್ಲೂಸ್, ಆಗಾಗ ಸ್ವಲ್ಪ ರಾಕ್.

ಮನೆಯಲ್ಲಿ ಹಾಡು ಕೇಳುವ ಸ್ಪೀಕರ್ ಇದೆ, ಬ್ಲೂಟೂತ್ ಹೆಡ್‌ಫೋನೂ ಇದೆ. ಇವುಗಳಲ್ಲೇ ಹೇಗಾದರೂ ನಡೆಯುತ್ತದಾ?

ಆರುತಂತಿ
ಹೆಡ್‌ಫೋನ್ ಜ್ಯಾಕ್ ಇರುವ ಚಿಕ್ಕ ಆಂಪ್. ಮುಗೀತು.

ಬೆಸುಗೆಕಡ್ಡಿ
ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಏಕೆಂದರೆ ದುಡ್ಡು ಉಳಿಸಲು ಹೋಗಿ ತುಂಬಾ ಜನ ಎಡವುವುದು ಅಲ್ಲೇ.

ಗಿಟಾರ್ ಪಿಕಪ್‌ನಿಂದ ಬರುವ ಸಿಗ್ನಲ್ ಸಣ್ಣದು, ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಜಾಸ್ತಿ. ಅದಕ್ಕೇ ಗಿಟಾರ್ ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್ ಇರುತ್ತದೆ. ಹಾಡು ಕೇಳುವ ಸ್ಪೀಕರ್‌ನ ಲೈನ್ ಇನ್‌ಪುಟ್ ಕೆಲವು ಹತ್ತು ಕಿಲೋಓಮ್ ಮಾತ್ರ. ಅದಕ್ಕೆ ನೇರವಾಗಿ ಚುಚ್ಚಿದರೆ ಸದ್ದು ಸಣ್ಣಗೆ, ಮಂಕಾಗಿ ಬರುತ್ತದೆ. ಮೇಲಿನ ಸ್ವರಗಳ ಹೊಳಪೇ ಹೋಗಿಬಿಡುತ್ತದೆ.

ನಡುವೆ ಸದ್ದನ್ನು ಒಡೆದು ಗರಗರ ಮಾಡುವ ಡಿಸ್ಟಾರ್ಷನ್ ಪೆಡಲ್ ಇಟ್ಟರೆ ಇನ್ನೊಂದು ತೊಂದರೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಗಟ್ಟಿಯಾಗಿ ಕತ್ತರಿಸುತ್ತದೆ. ಹಾಡು ಕೇಳುವ ಸ್ಪೀಕರ್ 20 ಕಿಲೋಹರ್ಟ್ಸ್‌ವರೆಗೂ ಎಲ್ಲವನ್ನೂ ಹೊರಗೆ ಬಿಡುತ್ತದೆ. ಆಗ ಡಿಸ್ಟಾರ್ಷನ್ ಕೇಳುವುದು ಡಬ್ಬದಲ್ಲಿ ನೊಣ ಕೂಡಿಹಾಕಿದ ಹಾಗೆ. ಗಿಟಾರ್ ಕೆಟ್ಟಿದೆಯೇನೋ ಅಂತ ಅನುಮಾನ ಬರುತ್ತದೆ. ಗಿಟಾರ್ ಸರಿಯಾಗೇ ಇರುತ್ತದೆ.

ತೆಳುಗೋಡೆ
ಬ್ಲೂಟೂತ್ ಹೆಡ್‌ಫೋನ್ ಬಗ್ಗೆ ನಾನು ಹೇಳುತ್ತೇನೆ. ಅದು ಆಗದ ಮಾತು. ನೀವು ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ಬರಲು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ಆಗುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಹಾಡು ಕೇಳುವಾಗ ಗೊತ್ತಾಗುವುದಿಲ್ಲ, ನುಡಿಸುವಾಗ ತಾಳ ಪೂರ್ತಿ ಹಾಳು. ವೈರ್ ಇರುವ ಹೆಡ್‌ಫೋನ್ ಬೇಕೇ ಬೇಕು.

ಆಂಪ್ ಡಬ್ಬದ ಮೇಲೆ ಬ್ಲೂಟೂತ್ ಅಂತ ಬರೆದಿದ್ದರೆ ಅದು ಬೇರೆ. ಫೋನಿನಿಂದ ಹಾಡು ಆಂಪ್‌ಗೆ ಕಳಿಸಿ ಅದರ ಜೊತೆ ನುಡಿಸಲು. ಅದು ತುಂಬಾ ಉಪಯೋಗ.

ಗಿಟಾರ್‌ಮೇಷ್ಟ್ರು
ವ್ಯಾಟ್ ಗೊಂದಲ ಬಿಡಿಸೋಣ. ಕಲಿಯಲು ಬರುವ ಮಕ್ಕಳ ಅಪ್ಪ ಅಮ್ಮಂದಿರೂ ಮೊದಲು ಕೇಳುವುದು ಇದನ್ನೇ.

20 ವ್ಯಾಟ್ ಆಂಪ್ 10 ವ್ಯಾಟ್‌ಗಿಂತ ಎರಡು ಪಟ್ಟು ಜೋರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಪವರ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್, ಅಂದರೆ ಕಿವಿಗೆ 'ಸ್ವಲ್ಪ ಜಾಸ್ತಿ ಆಯ್ತಲ್ಲ' ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಪವರ್ ಬೇಕು. 10 ವ್ಯಾಟ್‌ಗೂ 15 ವ್ಯಾಟ್‌ಗೂ ಇರುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸ್ಪೀಕರ್ ನೋಡಿ. 6.5 ಇಂಚಿನದಕ್ಕೂ 8 ಇಂಚಿನದಕ್ಕೂ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ. 8 ಇಂಚಿನದರಲ್ಲಿ ದಪ್ಪ ತಂತಿಗಳು ಮೈ ತುಂಬಿಕೊಂಡು ಕೇಳುತ್ತವೆ. 12 ಇಂಚು ಇನ್ನೂ ಚೆಂದ, ಆದರೆ ಆಂಪ್ ದೊಡ್ಡದಾಗುತ್ತದೆ, ಭಾರವೂ ಆಗುತ್ತದೆ. ಒಂದು ಕೋಣೆಗೆ 8 ಇಂಚು, 20 ವ್ಯಾಟ್ ಧಾರಾಳ.

ಬೆಸುಗೆಕಡ್ಡಿ
ಮೇಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಗಿಟಾರ್ ಸ್ಪೀಕರ್‌ಗಳ ಸೆನ್ಸಿಟಿವಿಟಿ ಸಾಮಾನ್ಯವಾಗಿ 95 ಡೆಸಿಬೆಲ್ ಮೇಲೆಯೇ ಇರುತ್ತದೆ. ಅಂದರೆ ಬರೀ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಜೋರು. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 94ಕ್ಕೆ ಬಂದರೆ ಒಂದೇ ಗಂಟೆ. ಮನೆಯಲ್ಲಿ 50 ವ್ಯಾಟ್ ಯಾಕೆ ಬೇಕು, ನೀವೇ ಹೇಳಿ.

ಅಲೆಮಾರಿಸ್ವರ
ಬೇಕು. ನಾಳೆ ಗೆಳೆಯರ ಜೊತೆ ಬ್ಯಾಂಡ್ ಅಂತ ಹೊರಟರೆ? ಡ್ರಮ್ಸ್ ಪಕ್ಕ 20 ವ್ಯಾಟ್‌ನ ಚಿಕ್ಕ ಆಂಪ್ ಇಟ್ಟರೆ ಗಿಟಾರ್ ಕೇಳಿಸುವುದೇ ಇಲ್ಲ. ಎರಡು ಸಲ ದುಡ್ಡು ಹಾಕುವ ಬದಲು ಒಂದೇ ಸಲ ಬಾಸ್ ಕಂಪನಿಯ ಕಟಾನಾ 50 ಆಂಪ್ ತಗೊಳ್ಳಿ. 12 ಇಂಚಿನ ಸ್ಪೀಕರ್. ಪವರ್ ಸ್ವಿಚ್ ಇದೆ, 50, 25, ಇಲ್ಲವೇ 0.5 ವ್ಯಾಟ್. ರಾತ್ರಿಗೆ 0.5ರಲ್ಲಿ ಇಡಿ. ಹೆಡ್‌ಫೋನ್ ಔಟ್‌ಪುಟ್ ಇದೆ, ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ರೆಕಾರ್ಡಿಂಗೂ ಮಾಡಬಹುದು.

ಆರುತಂತಿ
ಅವರು ದುಡ್ಡು ಸ್ವಲ್ಪ ಉಳಿದಿದೆ ಅಂತ ಮೊದಲೇ ಹೇಳಿದ್ದಾರೆ.

ಅಲೆಮಾರಿಸ್ವರ
ಅದಕ್ಕೇ ಸೆಕೆಂಡ್ ಹ್ಯಾಂಡ್ ನೋಡಿ ಅನ್ನುವುದು. ಹಳೆಯ ಮಾಡೆಲ್‌ಗಳು ಬೇಕಾದಷ್ಟು ಸಿಗುತ್ತವೆ. ಹೊಸ ಸಣ್ಣ ಆಂಪ್‌ನ ದುಡ್ಡಿಗೆ ಹಳೆಯ ಒಳ್ಳೆಯ ಆಂಪ್ ಬಂದರೆ ಬೇಡ ಅನ್ನುವುದ್ಯಾಕೆ?

ವಾಲ್ವ್‌ಪ್ರೇಮಿ
ಯಾರೂ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ನಡೆಯುವ ಆಂಪ್) ಹೆಸರೇ ಎತ್ತಲಿಲ್ಲವಲ್ಲ! ಬ್ಲೂಸ್ ಅಂದಿದ್ದಾರೆ. 5 ವ್ಯಾಟ್‌ನ ಒಂದು ಹಳೆಯ ಟ್ಯೂಬ್ ಆಂಪ್ ಹುಡುಕಿ. ಮೆಲ್ಲಗೆ ಮೀಟಿದರೆ ತಿಳಿ, ಒತ್ತಿ ಮೀಟಿದರೆ ಗರಗರ. ಆ ಸ್ಪಂದನೆ ಬೇರೆ ಯಾವುದರಲ್ಲೂ ಇಲ್ಲ. ಕೈ ಕಲಿಯುವುದು ಅದರಿಂದಲೇ.

ಬೆಸುಗೆಕಡ್ಡಿ
ಸ್ಪಂದನೆಯ ಮಾತು ಒಪ್ಪುತ್ತೇನೆ. ಆದರೆ ಇವರ ಮನೆಗೆ ಅದು ಹೊಂದುವುದಿಲ್ಲ. ಟ್ಯೂಬ್‌ನ ಆ ಗರಗರ ಬರಬೇಕಾದರೆ ವಾಲ್ಯೂಮ್ ಮೇಲೇರಿಸಬೇಕು, 5 ವ್ಯಾಟ್ ಟ್ಯೂಬ್ ಆಂಪ್ ಏರಿಸಿದರೆ ಪಕ್ಕದ ಮನೆ ಮಗು ಎದ್ದು ಕೂರುತ್ತದೆ. ಕಮ್ಮಿ ಬೆಲೆಯ ಹಳೆಯ ಟ್ಯೂಬ್ ಆಂಪ್‌ಗಳಲ್ಲಿ ಎಷ್ಟೋ ಸಲ ಹೆಡ್‌ಫೋನ್ ಜ್ಯಾಕೇ ಇರುವುದಿಲ್ಲ. ಟ್ಯೂಬ್ ಸವೆಯುತ್ತದೆ, ಬದಲಾಯಿಸಬೇಕು. ಸ್ಪೀಕರ್ ಕನೆಕ್ಷನ್ ತಪ್ಪಿಸಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಕೆಲವು ನೂರು ವೋಲ್ಟ್ ಉಳಿದಿರಬಹುದು. ಹೊಸಬರ ಕೈಗೆ ಹಳೆಯ ಟ್ಯೂಬ್ ಆಂಪ್ ಕೊಟ್ಟು 'ಬಿಚ್ಚಿ ನೋಡು' ಅನ್ನುವಂಥದ್ದಲ್ಲ.

ಅಲೆಮಾರಿಸ್ವರ
ಟ್ಯೂಬ್ ಇಲ್ಲದೆ ಬ್ಲೂಸ್ ಇಲ್ಲ ಅನ್ನುವುದೂ ತಪ್ಪು. ಬ್ಲೂಸ್ ದಿಗ್ಗಜ ಬಿ. ಬಿ. ಕಿಂಗ್ ವರ್ಷಗಟ್ಟಲೆ ನುಡಿಸಿದ್ದು ಲ್ಯಾಬ್ ಸೀರೀಸ್ ಎಲ್5 ಆಂಪ್‌ನಲ್ಲಿ. ಅದು ಸಾಲಿಡ್ ಸ್ಟೇಟ್, ಅಂದರೆ ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಇರುವುದು. ರೋಲಂಡ್ ಜಾಝ್ ಕೋರಸ್ 120 ಬಂದಿದ್ದು 1975ರಲ್ಲಿ, ಅದೂ ಸಾಲಿಡ್ ಸ್ಟೇಟ್. ಕ್ಲೀನ್ ಸದ್ದಿಗೆ ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ವಾಲ್ವ್‌ಪ್ರೇಮಿ
ಬಿ. ಬಿ. ಕಿಂಗ್ ಕೈಗೆ ಯಾವ ಆಂಪ್ ಕೊಟ್ಟರೂ ನಡೆಯುತ್ತಿತ್ತು ಬಿಡಿ. ಆದರೆ ಹೆಡ್‌ಫೋನ್ ವಿಷಯದಲ್ಲಿ ನಿಮ್ಮ ಮಾತು ಸರಿ. ರಾತ್ರಿ ನುಡಿಸುವವರಿಗೆ ಟ್ಯೂಬ್ ಬೇಡ. ಮನೆ ಬದಲಾಯಿಸಿದಾಗ ನನ್ನ ಮಾತು ನೆನಪಿಟ್ಟುಕೊಳ್ಳಿ.

ಶಬ್ದಪಟ್ಟಿ
ಕಂಪ್ಯೂಟರ್ ದಾರಿಯನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಗಿಟಾರ್ ಸದ್ದನ್ನು ಕಂಪ್ಯೂಟರ್‌ಗೆ ಸೇರಿಸುವ ಒಂದು ಚಿಕ್ಕ ಆಡಿಯೋ ಇಂಟರ್‌ಫೇಸ್ ತಗೊಳ್ಳಿ. ಅದರಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಅಂತ ಇನ್‌ಪುಟ್ ಇರಬೇಕು, ಇಲ್ಲದಿದ್ದರೆ ಬೆಸುಗೆಕಡ್ಡಿ ಹೇಳಿದ ಮಂಕು ಸದ್ದೇ ಬರುತ್ತದೆ. ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ನ್ಯೂರಲ್ ಆಂಪ್ ಮಾಡೆಲರ್ ಉಚಿತ, ಓಪನ್ ಸೋರ್ಸ್. ನಿಜವಾದ ಆಂಪ್‌ಗಳ ಸದ್ದನ್ನು ಅಭ್ಯಾಸ ಮಾಡಿಸಿ ತಯಾರಾದ ಮಾಡೆಲ್ ಫೈಲ್‌ಗಳನ್ನು ಅದರಲ್ಲಿ ಹಾಕಿಕೊಳ್ಳಬಹುದು. ಲಿನಕ್ಸ್ ಇದ್ದರೆ ಗಿಟಾರಿಕ್ಸ್ ಇದೆ. ಜೊತೆಗೆ ಕ್ಯಾಬ್ ಐಆರ್ ಅಂತ ಒಂದು ಫೈಲ್ ಹಾಕಬೇಕು. ಗಿಟಾರ್ ಸ್ಪೀಕರ್ ಮಾಡುವ ಆ ಕತ್ತರಿಸುವ ಕೆಲಸ ಅದು ಮಾಡುತ್ತದೆ.

ಲೇಟೆನ್ಸಿಗೆ, ಅಂದರೆ ಸದ್ದು ತಡವಾಗುವುದಕ್ಕೆ, ಹೆದರಬೇಡಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳುವ ಸದ್ದಿನ ತುಂಡು) ಅಂದರೆ 2.7 ಮಿಲಿಸೆಕೆಂಡ್. ಹೋಗಿ ಬರುವುದು, ಡ್ರೈವರ್ ತಗೊಳ್ಳುವುದು ಎಲ್ಲ ಸೇರಿ 10ರ ಆಸುಪಾಸು ಇದ್ದರೆ ಸಾಕು. 10 ಮಿಲಿಸೆಕೆಂಡ್‌ನಲ್ಲಿ ಸದ್ದು ಗಾಳಿಯಲ್ಲಿ ಸುಮಾರು 3.4 ಮೀಟರ್ ಹೋಗುತ್ತದೆ. ಆಂಪ್‌ನಿಂದ ಅಷ್ಟು ದೂರ ನಿಂತು ನುಡಿಸಿದ ಹಾಗೆ, ಅಷ್ಟೇ.

ಗಿಟಾರ್‌ಮೇಷ್ಟ್ರು
ಶಬ್ದಪಟ್ಟಿಯವರೇ, ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ಕಲಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಕಂಪ್ಯೂಟರ್ ಆನ್ ಮಾಡಬೇಕು, ಅಪ್‌ಡೇಟ್ ಕೇಳುತ್ತದೆ, ಡ್ರೈವರ್ ಸಿಗುವುದಿಲ್ಲ, ಅಷ್ಟರಲ್ಲಿ ಒಂದು ಮೆಸೇಜ್ ಬರುತ್ತದೆ. ಗಿಟಾರ್ ತೊಡೆಯ ಮೇಲೆ ಸುಮ್ನೆ ಕೂತಿರುತ್ತದೆ. ಆಂಪ್ ಆದರೆ ಸ್ವಿಚ್ ಒತ್ತು, ನುಡಿಸು.

ಸಾವಿರ ಸದ್ದು ಇರುವ ಕಡೆ ಇನ್ನೊಂದು ಗೋಳು. ನನ್ನ ಹತ್ತಿರ ಬರುವ ಹುಡುಗನೊಬ್ಬ ವಾರವಿಡೀ ಪ್ರಿಸೆಟ್ (ಮೊದಲೇ ಸಿದ್ಧ ಮಾಡಿಟ್ಟ ಸದ್ದು) ತಿರುಗಿಸಿರುತ್ತಾನೆ. ಒಂದೇ ಬೆರಳಿನಲ್ಲಿ ಎಲ್ಲ ತಂತಿ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿಯಪ್ಪಾ ಅಂದರೆ ಒಂದು ತಂತಿಯೂ ಸರಿಯಾಗಿ ಮಿಡಿಯುವುದಿಲ್ಲ. ಡಿಸ್ಟಾರ್ಷನ್‌ನಲ್ಲಿ ಅದೆಲ್ಲ ಮುಚ್ಚಿಹೋಗಿರುತ್ತದೆ, ಅವನಿಗೇ ಗೊತ್ತಿರುವುದಿಲ್ಲ. ಕ್ಲೀನ್ ಸದ್ದಿನಲ್ಲಿ ಬೆರಳಿನ ಪ್ರತಿ ತಪ್ಪೂ ಕೇಳಿಸುತ್ತದೆ. ಕಲಿಯುವವರಿಗೆ ಬೇಕಾಗಿರುವುದು ಅದು.

ಶಬ್ದಪಟ್ಟಿ
ಮೇಷ್ಟ್ರೇ, ಇಲ್ಲಿ ನಾನು ಒಪ್ಪುವುದಿಲ್ಲ. ಒಣ ಕ್ಲೀನ್ ಸದ್ದಿನ ಸಣ್ಣ ಆಂಪ್ ಕೊಟ್ಟು, ಅದರಲ್ಲಿ ತಮಗೆ ಇಷ್ಟವಾದ ಹಾಡಿನ ಹಾಗೆ ಏನೂ ಕೇಳಿಸದೆ, ಗಿಟಾರ್ ಮೂಲೆಗೆ ಹಾಕಿದವರನ್ನೂ ನೋಡಿದ್ದೇನೆ. ಒಂಚೂರು ರಿವರ್ಬ್ (ಮಾರ್ದನಿ), ಒಂಚೂರು ಗೇನ್ (ಸದ್ದಿನ ಒಡಕು) ಸಿಕ್ಕಿದರೆ ಅವರು ಇನ್ನೊಂದು ಗಂಟೆ ಕೂರುತ್ತಿದ್ದರು. ಖುಷಿ ಇದ್ದರೆ ತಾನೇ ಅಭ್ಯಾಸ?

ಗಿಟಾರ್‌ಮೇಷ್ಟ್ರು
ರಿವರ್ಬ್ ಇರಲಿ, ಬೇಡ ಅನ್ನಲಿಲ್ಲ. ಕ್ಲೀನ್ ಚಾನೆಲ್, ಸದ್ದು ಒಡೆಯುವ ಒಂದು ಡ್ರೈವ್ ಚಾನೆಲ್, ರಿವರ್ಬ್. ಇಷ್ಟು ಇರುವ ಆಂಪ್ ಸಾಕು ಅನ್ನುತ್ತೇನೆ. ಇಬ್ಬರ ಮಾತೂ ಅಲ್ಲಿ ಸೇರುತ್ತದೆ.

ತೆಳುಗೋಡೆ
ಕೆಲವು ಹೆಸರು ಹೇಳಿ ಅಂತ ಅವರು ಕಾಯುತ್ತಿರಬಹುದು. ನಾನು ನುಡಿಸಿ ನೋಡಿರುವವು ಇವು.

ವಾಕ್ಸ್ ಪಾತ್‌ಫೈಂಡರ್ 10. 6.5 ಇಂಚು, 10 ವ್ಯಾಟ್. ಎಫೆಕ್ಟ್ ಒಂದೂ ಇಲ್ಲ, ಕ್ಲೀನ್ ಚೆನ್ನಾಗಿದೆ. ಫೆಂಡರ್ ಚಾಂಪಿಯನ್ 20, 8 ಇಂಚು. ಒಳಗೆ ರಿವರ್ಬ್, ಡಿಲೇ, ಬೇರೆ ಬೇರೆ ಆಂಪ್ ದನಿಗಳು ಇವೆ, ಎಲ್ಲ ಗುಂಡಿಯಲ್ಲೇ, ಆಪ್ ಇಲ್ಲ. ಮೇಷ್ಟ್ರಿಗೂ ಶಬ್ದಪಟ್ಟಿಗೂ ಇದು ಒಪ್ಪಿಗೆಯಾದೀತು. ಆರೆಂಜ್ ಕ್ರಷ್ 20, ಇದೂ 8 ಇಂಚು, ರಾಕ್ ಕಡೆ ವಾಲುತ್ತದೆ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ತೀರಾ ಚಿಕ್ಕದು, 3 ವ್ಯಾಟ್, 3 ಇಂಚು, ಬ್ಯಾಟರಿಯಲ್ಲಿ ನಡೆಯುತ್ತದೆ. ಮೇಜಿನ ಮೇಲೆ ಇಟ್ಟುಕೊಳ್ಳಲು ಸರಿ, ಅದೊಂದೇ ಆಂಪ್ ಅಂದರೆ ಬೇಗ ಸಾಕಾಗುತ್ತದೆ. ಪಾಸಿಟಿವ್ ಗ್ರಿಡ್ ಸ್ಪಾರ್ಕ್ 40 ಆಪ್ ಜೊತೆ ನಡೆಯುವುದು, ಎರಡು 4 ಇಂಚಿನ ಸ್ಪೀಕರ್, ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಬಹಳ ಚೆಂದ.

ಪೂರ್ತಿ ರಾತ್ರಿಯೇ ನುಡಿಸುವುದಾದರೆ ಗಿಟಾರ್‌ಗೆ ಚುಚ್ಚುವ ಹೆಡ್‌ಫೋನ್ ಆಂಪ್ ಕೂಡ ಇದೆ, ವಾಕ್ಸ್ ಆಂಪ್‌ಪ್ಲಗ್ ಥರದ್ದು. ಎಲ್ಲಕ್ಕಿಂತ ಕಮ್ಮಿ ಖರ್ಚು ಅದೇ.

ಬೇಸ್‌ರಾಜ
ಮಧ್ಯೆ ಬಂದೆ, ಕ್ಷಮಿಸಿ. ಇದೇ ಆಂಪ್‌ನಲ್ಲಿ ನನ್ನ ಬೇಸ್ ಗಿಟಾರ್ ನುಡಿಸಬಹುದಾ?

ಬೆಸುಗೆಕಡ್ಡಿ
ಮೆಲ್ಲಗೆ ಆದರೆ ಸರಿ. ಗಿಟಾರ್‌ನ ದಪ್ಪ ತಂತಿ ಸುಮಾರು 82 ಹರ್ಟ್ಸ್, ಬೇಸ್‌ನ ದಪ್ಪ ತಂತಿ 41. ಸಣ್ಣ ಗಿಟಾರ್ ಸ್ಪೀಕರ್‌ಗೆ ಅಷ್ಟು ಕೆಳಗೆ ಸದ್ದು ಮಾಡಲು ಆಗುವುದಿಲ್ಲ. ಜೋರು ಮಾಡಿದರೆ ಸ್ಪೀಕರ್‌ನ ಕಾಗದದ ಕೋನ್ ಅತಿಯಾಗಿ ಆಡಿ ಹರಿಯಬಹುದು. ತದ್ವಿರುದ್ಧ, ಬೇಸ್ ಆಂಪ್‌ನಲ್ಲಿ ಗಿಟಾರ್ ನುಡಿಸಿದರೆ ಏನೂ ಹಾಳಾಗುವುದಿಲ್ಲ, ಕ್ಲೀನ್ ಸದ್ದು ಚೆನ್ನಾಗೇ ಬರುತ್ತದೆ.

ಅಲೆಮಾರಿಸ್ವರ
ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತಗೊಂಡು ಹೋಗಿ. ಮಾರುವವರ ಕೇಬಲ್ ಕೆಟ್ಟಿದ್ದರೆ ಆಂಪ್ ಮೇಲೆ ಸುಮ್ನೆ ಅನುಮಾನ ಬರುತ್ತದೆ.

ಪ್ರತಿ ಗುಂಡಿಯನ್ನೂ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಕರಕರ ಅಂದರೆ ಗುಂಡಿಯ ಹಿಂದಿನ ಪಾಟ್ ಒಳಗೆ ದೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ, ಬೆಲೆ ಇಳಿಸಲು ಒಂದು ಮಾತು ಸಿಗುತ್ತದೆ. ಜ್ಯಾಕ್‌ನಲ್ಲಿ ಕೇಬಲ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸಿ. ಸದ್ದು ಬಂದು ಹೋಗಿ ಆದರೆ ಬೆಸುಗೆ ಬಿಟ್ಟಿದೆ ಅಥವಾ ಜ್ಯಾಕ್ ಸಡಿಲ. ದಪ್ಪ ತಂತಿಯನ್ನು ಜೋರಾಗಿ ಮೀಟಿ ಸ್ಪೀಕರ್ ಹತ್ತಿರ ಕಿವಿ ಕೊಡಿ, ಪರಪರ ಅಂತ ಕೇಳಿಸಿದರೆ ಕೋನ್ ಹರಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಹೆಡ್‌ಫೋನ್ ಚುಚ್ಚಿ, ಸ್ಪೀಕರ್ ಸದ್ದು ನಿಲ್ಲಬೇಕು. ಇಷ್ಟಾದ ಮೇಲೆ ಅರ್ಧ ಗಂಟೆ ಆನ್ ಇಟ್ಟು ಮಾತಾಡುತ್ತಾ ಕೂರಿ. ಬಿಸಿಯಾದ ಮೇಲೆ ಕೈಕೊಡುವ ಆಂಪ್‌ಗಳೂ ಇವೆ.

ಬೆಸುಗೆಕಡ್ಡಿ
ಹಿಂದಿನ ಚೀಟಿಯಲ್ಲಿ ವೋಲ್ಟೇಜ್ ನೋಡುವುದು ಮರೆಯಬೇಡಿ. ಬೇರೆ ದೇಶದಿಂದ ಬಂದ 120 ವೋಲ್ಟ್ ಆಂಪ್ ಅನ್ನು 230 ವೋಲ್ಟ್ ಪ್ಲಗ್‌ಗೆ ಚುಚ್ಚಿದರೆ ಅಲ್ಲಿಗೇ ಅದರ ಕತೆ ಮುಗಿಯಿತು.

ಹೊಸತಂತಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. 8 ಇಂಚಿನ, 20 ವ್ಯಾಟ್‌ನ ಒಂದು ಸೆಕೆಂಡ್ ಹ್ಯಾಂಡ್ ಆಂಪ್ ಸಿಕ್ಕಿತು. ಎರಡು ಚಾನೆಲ್, ರಿವರ್ಬ್, ಹೆಡ್‌ಫೋನ್ ಜ್ಯಾಕ್. ಟ್ರೆಬಲ್ ಗುಂಡಿ ಕರಕರ ಅಂತು, ಅದನ್ನು ತೋರಿಸಿ ಬೆಲೆ ಇಳಿಸಿದೆ. ಮಿಕ್ಕ ದುಡ್ಡಿಗೆ ವೈರ್ ಇರುವ ಹೆಡ್‌ಫೋನ್ ಬಂತು.

ಎರಡು ಅನುಮಾನ. ಒಂದು, ನೆಲದ ಮೇಲೆ ಇಟ್ಟರೆ ಸದ್ದು ಮಂಕು. ಎರಡು, ಸುಮ್ಮನಿದ್ದಾಗ ಗುಂಯ್ ಅನ್ನುತ್ತದೆ, ತಂತಿ ಮುಟ್ಟಿದರೆ ಕಮ್ಮಿಯಾಗುತ್ತದೆ. ಕೆಟ್ಟಿದೆಯಾ?

ಸಂಜೆಸ್ವರ
ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ, ಗುಂಯ್ ಹೋಗುತ್ತದೆ. ನಾವೆಲ್ಲ ಹಾಗೇ ಮಾಡುತ್ತಿದ್ದೆವು.

ಬೆಸುಗೆಕಡ್ಡಿ
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಗಿಟಾರ್ ತಂತಿ ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ (ಒಳಗಿನ ಚೌಕಟ್ಟಿಗೆ) ಸೇರಿರುತ್ತದೆ. ಒಳಗೆ ಏನಾದರೂ ತಪ್ಪಿ ಕರೆಂಟ್ ಚಾಸಿಗೆ ಬಂದರೆ ಅರ್ಥ್ ಇದ್ದರೆ ಫ್ಯೂಸ್ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ತಂತಿ ಹಿಡಿದಿರುವ ಕೈಗೆ ಬರುತ್ತದೆ. ಹೀಗೆ ಜೀವ ಕಳೆದುಕೊಂಡ ಸಂಗೀತಗಾರರಿದ್ದಾರೆ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಹೊಸತಂತಿ, ತಂತಿ ಮುಟ್ಟಿದರೆ ಸದ್ದು ಕಮ್ಮಿಯಾಗುವುದು ಸಹಜ. ನಿಮ್ಮ ಮೈ ಸುತ್ತಲಿನ ಕರೆಂಟಿನ ಗದ್ದಲ ಹಿಡಿದು ಪಿಕಪ್ ಹತ್ತಿರ ತರುತ್ತದೆ. ತಂತಿ ಗ್ರೌಂಡ್‌ಗೆ ಸೇರಿರುವುದರಿಂದ ಮುಟ್ಟಿದಾಗ ಅದು ಇಳಿಯುತ್ತದೆ. ಹಾಗೆ ಕಮ್ಮಿಯಾದರೆ ಗಿಟಾರ್‌ನೊಳಗಿನ ಗ್ರೌಂಡ್ ವೈರ್ ಸರಿ ಇದೆ ಅಂತ ಅರ್ಥ. ಫೋನ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಡಿಮ್ಮರ್ ಇರುವ ದೀಪ ಒಂದೊಂದಾಗಿ ಆಫ್ ಮಾಡಿ ನೋಡಿ. ಕೂತ ಜಾಗದಲ್ಲೇ ಗಿಟಾರ್ ಹಿಡಿದು ನಿಧಾನವಾಗಿ ತಿರುಗಿ, ಒಂದು ದಿಕ್ಕಿನಲ್ಲಿ ಸದ್ದು ತಗ್ಗುವುದು ಕೇಳಿಸುತ್ತದೆ.

ಸಂಜೆಸ್ವರ
ಅಷ್ಟು ಅಪಾಯ ಅಂತ ಗೊತ್ತಿರಲಿಲ್ಲ. ಸರಿ, ನನ್ನ ಮಾತು ಯಾರೂ ಪಾಲಿಸಬೇಡಿ.

ವಾಲ್ವ್‌ಪ್ರೇಮಿ
ಮಂಕು ಸದ್ದಿಗೆ ಉತ್ತರ ನಾನು ಕೊಡುತ್ತೇನೆ. ಸ್ಪೀಕರ್‌ನ ಟ್ರೆಬಲ್ ನೇರ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೆ ಹರಡುವುದು ಕಮ್ಮಿ. ನೆಲದ ಮೇಲಿದ್ದರೆ ಅದು ನಿಮ್ಮ ಕಾಲಿಗೆ ನುಡಿಸುತ್ತಿರುತ್ತದೆ. ಆಂಪ್ ಅನ್ನು ಸ್ಟೂಲ್ ಮೇಲೆ ಇಡಿ, ಅಥವಾ ಹಿಂದಕ್ಕೆ ವಾಲಿಸಿ ಸ್ಪೀಕರ್ ಕಿವಿಯ ಕಡೆ ಮುಖ ಮಾಡುವ ಹಾಗೆ ಒರಗಿಸಿ. ಗೋಡೆ ಮೂಲೆಯಿಂದ ಸ್ವಲ್ಪ ಈಚೆ ತನ್ನಿ, ಮೂಲೆಯಲ್ಲಿ ಬೇಸ್ ಉಬ್ಬುತ್ತದೆ. ಇಷ್ಟಾದ ಮೇಲೆ ಟ್ರೆಬಲ್ ಗುಂಡಿ ಮುಟ್ಟಿ, ಅದಕ್ಕೂ ಮೊದಲು ಬೇಡ.

ಗಿಟಾರ್‌ಮೇಷ್ಟ್ರು
ಶುರುವಿಗೆ ಬೇಸ್, ಟ್ರೆಬಲ್ ಎಲ್ಲ ನಡುವಿನಲ್ಲಿ ಇಡಿ, ಮಿಡ್ ಗುಂಡಿ ಇದ್ದರೆ ಅದನ್ನೂ. ಡ್ರೈವ್ ಚಾನೆಲ್‌ನಲ್ಲಿ ಗೇನ್ ಅಂದರೆ ಸದ್ದು ಎಷ್ಟು ಒಡೆಯಬೇಕು ಅನ್ನುವುದು, ವಾಲ್ಯೂಮ್ ಅಂದರೆ ಎಷ್ಟು ಜೋರು ಅನ್ನುವುದು. ಬ್ಲೂಸ್‌ಗೆ ಗೇನ್ ಕಮ್ಮಿ ಇಟ್ಟು, ಗಿಟಾರ್ ಮೇಲಿನ ವಾಲ್ಯೂಮ್ ಗುಂಡಿಯನ್ನು 6ಕ್ಕೆ ಇಳಿಸಿ ನುಡಿಸಿ. ಬೇಕಾದಾಗ 10ಕ್ಕೆ ಏರಿಸಿ. ಒಂದೇ ಸದ್ದಿನಲ್ಲಿ ಎರಡು ಸದ್ದು ಸಿಗುತ್ತದೆ.

ಹೊಸತಂತಿ
ಸ್ಟೂಲ್ ಮೇಲೆ ಇಟ್ಟೆ, ಬೇರೆ ಆಂಪೇ ಅನ್ನಿಸುತ್ತಿದೆ. ಗುಂಯ್ ಬಂದಿದ್ದು ಲ್ಯಾಪ್‌ಟಾಪ್ ಅಡಾಪ್ಟರ್‌ನಿಂದ. ಅದನ್ನು ಬೇರೆ ಪ್ಲಗ್‌ಗೆ ಹಾಕಿದ ಮೇಲೆ ತುಂಬಾ ಇಳಿಯಿತು. ಇನ್ನು ಡಿಸ್ಟಾರ್ಷನ್ ಪೆಡಲ್ ಒಂದು ನೋಡಲಾ?

ಆರುತಂತಿ
ಮೊದಲು ಟ್ಯೂನರ್, ಆಮೇಲೆ ಪೆಡಲ್.

ಬೇಸ್‌ರಾಜ
ನನಗೂ ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್ ಬೇಕು. ಅದಕ್ಕೂ ಇದೇ ಪರೀಕ್ಷೆಗಳು ಸಾಕಾ?

ಅಲೆಮಾರಿಸ್ವರ
ಇವೇ ಸಾಕು. ಆದರೆ ದಪ್ಪ ತಂತಿಯನ್ನು ಮಾತ್ರ ಇನ್ನೂ ಜೋರಾಗಿ, ಇನ್ನೂ ಹೆಚ್ಚು ಹೊತ್ತು ನುಡಿಸಿ ನೋಡಿ. ಬೇಸ್ ಆಂಪ್‌ನಲ್ಲಿ ಸ್ಪೀಕರ್ ಜೊತೆ ಡಬ್ಬದ ಹಲಗೆ, ಸ್ಕ್ರೂ, ಜಾಲರಿ ಎಲ್ಲವೂ ಅದುರುತ್ತವೆ. ಒಂದೊಂದನ್ನೂ ಕೈಯಿಂದ ಒತ್ತಿ ಹಿಡಿದು ಸದ್ದು ನಿಲ್ಲುತ್ತದಾ ನೋಡಿ. ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಬಹುದು, ಕೋನ್ ಹೋಗಿದ್ದರೆ ಬಿಟ್ಟು ಬನ್ನಿ.